ಮೊಲಕ್ಕಾಗಿ ಹೂ ಕೇಳಿದ್ದು

ನಮ್ಮ ಮೊಲವನ್ನು ಮಾರಿದವನು ಅದು ಹೆಣ್ಣೆಂದು ಆಣೆ ಮಾಡಿ ಕೊಟ್ಟಿದ್ದ. ಆರು ತಿಂಗಳು ತುಂಬುವುದರೊಳಗೆ ಅದು ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಮೂಲೆಮೂಲೆಗೂ ಉಚ್ಚೆ ಚಿಮುಕಿಸಿ ತಾನು ಗಂಡೆಂದು ಸಾರಿತು. ದಿಂಬು, ಜಮಖಾನ, ನಮ್ಮ ಯಜಮಾನರ ಆಫೀಸಿನ ಪ್ಯಾಂಟು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಒಂದು ಸೋಮವಾರ ಅವರು ಪೂಜೆಗೆ ಕೂರುವ ಮಣೆಯ ಮೇಲೂ ತನ್ನ ಕಾರುಬಾರು ನಡೆಸಿತು. ಅವತ್ತಿನಿಂದ ಅದರ ಬೀಜ ತೆಗೆಸುವ ಮಾತು ಮನೆಯಲ್ಲಿ ಶುರುವಾಯಿತು.

ನನಗೆ ಆ ಮೊಲವೆಂದರೆ ಜೀವ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಓಡಿ ಬಂದು, ನನ್ನ ಪಾದದ ಸುತ್ತ ಗಿರಕಿ ಹೊಡೆಯುತ್ತ ಗುರುಗುರು ಎನ್ನುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಮನೆಗೆ ಬಂದೆನೆಂದು ಕೂತಲ್ಲಿಂದ ಎದ್ದವರು ಯಾರೂ ಇರಲಿಲ್ಲ. ಪಶುವೈದ್ಯರಿಗೆ ಹೇಳಿದರೆ ನಕ್ಕುಬಿಟ್ಟರು. ಅದು ಪ್ರೀತಿಯಲ್ಲವಂತೆ, ನನ್ನ ಪಾದವನ್ನು ಅದು ಹೆಣ್ಣುಮೊಲವೆಂದು ತಿಳಿದಿದೆಯಂತೆ. ನನಗೆ ಸಿಟ್ಟು ಬಂತು. ಹಾಗಾದರೆ ಪ್ರೀತಿ ಅನ್ನುವುದು ಬೇರೆ ಇನ್ನೇನು ಎಂದು ಕೇಳಬೇಕೆನಿಸಿತು. ಟೀಚರಮ್ಮನ ಮರ್ಯಾದೆ ಕಾಯ್ದುಕೊಂಡು ಸುಮ್ಮನಾದೆ.

ಅದೇ ವೈದ್ಯರು ಎರಡೂ ಮಗ್ಗುಲನ್ನು ತಿಳಿಸಿ ಹೇಳಿದರು. ಮಾಡಿಸಿದರೆ ಚಿಮುಕಿಸುವುದು, ಕಚ್ಚುವುದು ನಿಲ್ಲುತ್ತದೆ. ಆದರೆ ಮೊಲ ಬಲು ಪುಕ್ಕಲು ಪ್ರಾಣಿ, ಅಂಜಿಕೆಗೇ ಸಾಯುವುದುಂಟು. ಮಂಪರಿನ ಮದ್ದು ಕೊಟ್ಟರೆ ಏಳುತ್ತದೆ ಎಂದು ಬರೆದುಕೊಡಲು ಬರುವುದಿಲ್ಲ ಎಂದರು. ನಾನು ಬೆಳಿಗ್ಗೆ ಮಾಡಿಸೋಣ ಎನ್ನುತ್ತಿದ್ದೆ, ಸಂಜೆ ಅದು ಮಡಿಲಲ್ಲಿ ಕಿವಿ ಚೆಲ್ಲಿ ಮಲಗಿದಾಗ ಬೇಡ ಎನ್ನುತ್ತಿದ್ದೆ. ಯಜಮಾನರಿಗೆ ಸಾಕಾಗಿ ಹೋಗಿತ್ತು. ಆದರೂ ಒಂದು ದಿನ ಊಟದ ತಟ್ಟೆಯ ಮುಂದೆ ಕೂತು ದೊಡ್ಡ ಮನಸ್ಸಿನಿಂದ ಹೇಳಿದರು: “ನಿನ್ನ ಮೊಲ. ನೀ ಹೂಂ ಅನ್ನೂತನ ಯಾರೂ ಅದಕ್ಕ ಕೈ ಹಚ್ಚಂಗಿಲ್ಲ.”

ನಾನು ಆ ಮಾತನ್ನು ನಂಬಿದೆ.

ನನ್ನ ತವರು ಕಮಲಾಪುರ. ಅಪ್ಪ ತೀರಿದ ಮೇಲೆ ಅಣ್ಣನೇ ಯಜಮಾನ. ಹೊಲ, ಕೆಂಪು ಬಾಳೆಯ ತೋಟ ಎಲ್ಲ ಅವನ ಕೈಯಲ್ಲಿ. ಅವನು ದೇವರ ಹೂ ಕೇಳದೆ ತೊಗರಿ ಬಿತ್ತುವುದಿಲ್ಲ, ಎತ್ತು ಮಾರುವುದಿಲ್ಲ. ಹೂ ಕೇಳುವುದೆಂದರೆ, ನೀರಲ್ಲಿ ಅದ್ದಿದ ಎರಡು ಹೂಗಳನ್ನು ಮನೆದೇವರ ಲಿಂಗದ ಎಡಬಲಕ್ಕೆ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಮಾಡು ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಹೂ ಬಲಕ್ಕೆ ಬಿದ್ದಿತ್ತೆಂದೇ ನನ್ನ ಮದುವೆಯೂ ಆಗಿದ್ದು. ನನ್ನ ಗೋಳು ಕೇಳಿ ಅಣ್ಣ, ಇಷ್ಟಕ್ಕೆ ಯಾಕೆ ಒದ್ದಾಡುತ್ತೀ, ಕೇಳಿಬಿಡೋಣ ಎಂದ. ಮೊಲಕ್ಕಾಗಿ ದೇವರನ್ನು ಎಬ್ಬಿಸುವುದೇ ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆದರೂ ನಾವೆಲ್ಲ ಕೈಮುಗಿದು ಕೂತೆವು, ಯಜಮಾನರೂ ಕೂತರು. ಬಹಳ ಹೊತ್ತಾದ ಮೇಲೆ ಎಡಗಡೆಯ ಹೂ ಜಾರಿತು.

ಎಷ್ಟು ಹಗುರಾದೆನೆಂದರೆ ಅಲ್ಲೇ ಅತ್ತುಬಿಟ್ಟೆ. ಮರುದಿನ ಯಜಮಾನರು ತಾವೇ ಪೇಟೆಗೆ ಹೋಗಿ ಒಂದು ಹೊಸ ಮಣೆ ತಂದರು. ಮಾತು ಮುಗಿಯಿತೆಂದು ನಾನು ತಿಳಿದೆ.

ಬೇಸಿಗೆ ಬಂತು. ಪರೀಕ್ಷೆಯ ಪತ್ರಿಕೆ ತಿದ್ದುವುದಕ್ಕೆ ನಾನು ರಾಯಚೂರಿಗೆ ಹೋಗಬೇಕಾಯಿತು. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಹಗಲೆಲ್ಲ ಬೀಗ ಹಾಕಿದ ಮನೆಯಲ್ಲಿ ಮೊಲ ಬೆಂದು ಹೋದೀತು, ಕಮಲಾಪುರದಲ್ಲಿ ಬಾಳೆಯ ನೆರಳಿಗಾದರೂ ಇರಲಿ ಎಂದು ಯಜಮಾನರೇ ಹೇಳಿದರು. ಅವರಿಗೂ ಅದರ ಮೇಲೆ ಕರುಳು ಇದೆಯಲ್ಲ ಎಂದು ನನಗೆ ಸಂತೋಷವಾಯಿತು. ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ ನಾನೇ ಬಸ್ಸಿನಲ್ಲಿ ಒಯ್ದು ಬಿಟ್ಟುಬಂದೆ.

ಕೆಲಸ ಮುಗಿಸಿ ನೇರ ತವರಿಗೆ ಹೋದೆ. ಮೊಲ ಕಾಳಿನ ಚೀಲಗಳ ಸಂದಿಯಲ್ಲಿ ಮುದುಡಿ ಕೂತಿತ್ತು. ಎತ್ತಿಕೊಂಡರೆ ಮೈ ಕಾದಿತ್ತು, ಹಿಂಗಾಲ ನಡುವೆ ಬಾತು ಕೀವಾಗಿತ್ತು. ವೈನಿ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅಣ್ಣ ನೆಲ ನೋಡುತ್ತ ಹೇಳಿದ. ಮಹಾಗಾಂವದಿಂದ ಹೋರಿಗಳ ಬೀಜ ಒಡೆಯುವವನನ್ನು ಕರೆಸಿದ್ದನಂತೆ. ಅವನು ಹೋತಕ್ಕೆ ಹಾಕುವ ಸಣ್ಣ ಇಕ್ಕಳ ತಂದಿದ್ದನಂತೆ. ಕರುವಿಗೆ ಆಗುವುದು ಮೊಲಕ್ಕೆ ಯಾಕೆ ಆಗದು ಎಂದುಕೊಂಡರಂತೆ. ಮಂಪರಿಲ್ಲ, ಮದ್ದಿಲ್ಲ. ಅಂಜಿಕೆಗೇ ಸಾಯುವ ಪ್ರಾಣಿಯನ್ನು ಇಬ್ಬರು ಗಂಡಸರು ನೆಲಕ್ಕೆ ಒತ್ತಿ ಹಿಡಿದಿದ್ದರು. ಅದರಲ್ಲೊಬ್ಬ ನನ್ನ ಒಡಹುಟ್ಟಿದವನು.

ಯಾರು ಹೇಳಿದರು ಎಂದು ಕೇಳಿದೆ. ಅಳಿಯ, ಅಂದರೆ ನನ್ನ ಗಂಡನೇ, ಫೋನು ಮಾಡಿದ್ದ, ಅವಳು ಊರಲ್ಲಿಲ್ಲದಾಗ ಮುಗಿಸಿಬಿಡು ಎಂದಿದ್ದ ಎಂದ.

“ಹೂ ಬ್ಯಾಡ ಅಂದಿತ್ತಲ್ಲ ಅಣ್ಣಾ. ನೀನೇ ಕೇಳಿದ್ದಿ.”

“ದೇವರು ನಮ್ಮವನೇ ಇದ್ದಾನ ತಂಗಿ, ತಿಳ್ಕೊಂತಾನ. ಅಳಿಯ ಹಂಗಲ್ಲ. ಮನಿ ಅಳಿಯಗ ಇಲ್ಲ ಅನ್ಲಾಕ ಬರ್ತದೇನು?”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗಂಡ ಮಾತು ತಪ್ಪಿದ್ದನ್ನು ಹೇಗಾದರೂ ನುಂಗಿಕೊಳ್ಳಬಹುದಿತ್ತು, ಗಂಡಂದಿರು ತಪ್ಪುತ್ತಾರೆ, ಆಗ ತವರು ಇರುತ್ತದೆ. ಆ ತವರಿನಲ್ಲಿ ಅಳಿಯನ ಒಂದು ಫೋನಿನ ಮುಂದೆ ದೇವರ ಹೂವಿಗೂ ಬೆಲೆಯಿರಲಿಲ್ಲ. ಇನ್ನು ನನ್ನ ಕಣ್ಣೀರಿಗೆಲ್ಲಿಂದ ಬರಬೇಕು? ಯಾವ ಚಾಕುವಿಗೆ ನಾನು ಅಷ್ಟು ಹೆದರಿದ್ದೆನೋ ಅದೇ ಚಾಕುವಿನ ಕೆಳಗೆ ಅವತ್ತೇ ಮೊಲವನ್ನು ಮಲಗಿಸಬೇಕಾಯಿತು. ವೈದ್ಯರು ಕೊಳೆತದ್ದನ್ನೆಲ್ಲ ತೆಗೆದು ಹೊಲಿದರು. ಅದರ ಆಯಸ್ಸು ಗಟ್ಟಿಯಿತ್ತು, ಬದುಕಿತು. ಯಜಮಾನರು ನೋಡಿ, ಎಷ್ಟು ಶಾಂತ ಆಗಿದೆ ಎಂದರು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೇನು ಎಂದೂ ಅಂದರು, ನಗಿಸುವುದಕ್ಕೆ. ಕೋಳಿ ಎಂದದ್ದು ಮೊಲಕ್ಕೋ ನನಗೋ ಎಂದು ನಾನು ಕೇಳಲಿಲ್ಲ. ಈಗ ಅದು ಯಾರ ಹತ್ತಿರವೂ ಬರುವುದಿಲ್ಲ, ನನ್ನ ಹತ್ತಿರವೂ.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಮದುವೆಯಾದಾಗಿನಿಂದ ಒಂದು ವರ್ಷವೂ ಅದು ತಪ್ಪಿರಲಿಲ್ಲ. ಈ ಸಲವೂ ಅಣ್ಣ ಹೊಸ ಸೀರೆ, ಶೇಂಗಾ ಉಂಡಿಯ ಡಬ್ಬಿ ಹಿಡಿದು ಬಂದ. ಅಳಿಯನ ಪಕ್ಕದಲ್ಲಿ ಕೂತು ಚಹಾ ಕುಡಿದ. ಮಳೆ, ಬೆಳೆ ಎಲ್ಲ ಮಾತಾಡಿಯಾದ ಮೇಲೆ, ಬ್ಯಾಗು ತುಂಬಿದಿಯೇನು ಎಂದು ನನ್ನನ್ನು ಕೇಳಿದ.

ನಾನು ಒಳಗೆ ಹೋಗಿ ಯಜಮಾನರ ಎರಡು ಜೊತೆ ಬಟ್ಟೆಯನ್ನು ಬ್ಯಾಗಿಗೆ ತುಂಬಿ ತಂದು ಅವನ ಮುಂದೆ ಇಟ್ಟೆ.

“ಪಂಚಮಿಗಿ ಇವರನ್ನ ಕರ್ಕೊಂಡು ಹೋಗು ಅಣ್ಣಾ,” ಎಂದೆ. “ಅದು ಇವರ ತವರು.”

ಇಬ್ಬರೂ ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಖಾಲಿಯಾದ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.