ನರ್ಸಮ್ಮ ಹುಲ್ಲಿನಲ್ಲಿಟ್ಟ ಬಟ್ಟೆ

ಮೊನ್ನೆ ಹಾಲಿನ ಪಾತ್ರೆ ಇಳಿಸುವಾಗ ಮಸಿಬಟ್ಟೆಯ ತುದಿಗೆ ಬೆಂಕಿ ತಾಗಿತು. ಹಳೇ ಹತ್ತಿಬಟ್ಟೆ ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರ ನರ್ಸಮ್ಮ ನೆನಪಾದರು...

ಆಗ ನಾನು ಕ್ಯಾಲನೂರಿನ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದು ಮೂರು ವರ್ಷ. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಏಳು ತಿಂಗಳು ತುಂಬಿತ್ತು. ಕೆಮ್ಮಿದರೂ ಹೆದರುತ್ತಿದ್ದೆ.

ನರ್ಸಮ್ಮನದು ಊರಿನ ಒಂದೇ ಕ್ರೈಸ್ತರ ಮನೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಗಂಡನನ್ನೂ ಮಗಳನ್ನೂ ಕರೆದುಕೊಂಡು, ಪೊರಕೆ ಹಿಡಿದು, ಯಾರದಾದರೂ ಕೊಟ್ಟಿಗೆ ತೊಳೆಯಲು ಹೊರಡುವುದು ಅವರ ಮನೆತನದ ಪದ್ಧತಿ. ವರ್ಷಕ್ಕೊಂದು ಮನೆ. ಆ ವರ್ಷ ನಮ್ಮ ಬಾಗಿಲಿಗೆ ಬಂದರು.

"ನಮ್ ಸ್ವಾಮಿ ಹುಟ್ಟಿದ್ದು ಕೊಟ್ಟಿಗೇಲೇ ಅಲ್ವಾ? ನಮಗೆ ದನ ಇಲ್ಲ. ಅದಕ್ಕೇ ನಿಮ್ದು ತೊಳ್ದು ಕೊಡ್ತೀವಿ" ಎಂದರು.

ಅತ್ತೆ ಹಲ್ಲು ಬಿಟ್ಟು ಒಪ್ಪಿಕೊಂಡರು. ನಾಳೆ ಹೆರಿಗೆಗೆ ನರ್ಸಮ್ಮನೇ ಬೇಕಲ್ಲ! ಆಮೇಲೆ ಅತ್ತೆ ಒಳಗೆ ಬಂದವರೇ ನನ್ನ ತೋಳು ಹಿಡಿದರು. "ಕೂಲಿ ಕೊಟ್ರೂ ಸಗಣಿ ಬಾಚೋಕೆ ಆಳು ಸಿಗಲ್ಲ. ಇವಳು ಸುಮ್‌ಸುಮ್ನೆ ಬರ್ತಾಳಾ? ಬಸುರಿ ಇರೋ ಮನೇನೇ ಹುಡುಕ್ಕೊಂಡು ಬಂದವ್ಳೆ. ಕಿಟಕಿ ಬಿಟ್ಟು ಅಲ್ಲಾಡಬೇಡ ಕಣೇ."

ಅಲ್ಲಾಡಲಿಲ್ಲ. ಮೂವರ ಆರು ಕೈಗಳ ಮೇಲೂ ಕಣ್ಣಿಟ್ಟೆ. ಅವರು ಸಗಣಿ ಬಾಚಿದರು, ನೆಲ ತೊಳೆದರು, ಒಂದು ಮೂಲೆಯಲ್ಲಿ ಹೊಸ ರಾಗಿಹುಲ್ಲು ಹಾಸಿದರು. ನರ್ಸಮ್ಮ ನಮಗೆ ಬೆನ್ನು ಮಾಡಿ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ಮಂಡಿಯೂರಿದ್ದರು. ಏನು ಮಾಡಿದರೋ ಕಾಣಲಿಲ್ಲ. ಅಷ್ಟು ಸಾಕಾಯಿತು ನನಗೆ.

ಅವರು ಗೇಟು ದಾಟಿದ ಮೇಲೆ ಹೋಗಿ ಹುಲ್ಲು ಕೆದಕಿದೆ. ಒಳಗೆ ನಾಲ್ಕು ಮಡಿಕೆ ಮಾಡಿದ ಹಳೇ ಬಿಳಿ ಬಟ್ಟೆ. ಅಂಚಿನುದ್ದಕ್ಕೂ ಕೆಂಪು ದಾರ. ಕೂಸಿನ ಅಳತೆಯದು. "ಮಾಟ!" ಎಂದ ಅತ್ತೆ ಕೋಲಿನಲ್ಲೆತ್ತಿ ಅದನ್ನು ನೀರೊಲೆಗೆ ತಳ್ಳಿದರು. ಪೂರ್ತಿ ಸುಟ್ಟಿತೇ ಎಂದು ಬಗ್ಗಿ ನೋಡಿದವಳು ಮಾತ್ರ ನಾನೇ.

ಮರುದಿನ ನರ್ಸಮ್ಮ ಕಜ್ಜಾಯದ ಡಬ್ಬಿ ಹಿಡಿದು ಬಂದರು. ಅದನ್ನೂ ಅನುಮಾನದಿಂದಲೇ ತೆಗೆದುಕೊಂಡೆ. ಮೂಲೆಗೆ ಹೋಗಿ ನೋಡಿ ಬಂದವರು ಕೇಳಿದರು:

"ಹುಲ್ಲೊಳಗೆ ಒಂದು ಬಟ್ಟೆ ಇಟ್ಟಿದ್ದೆ ಕಣಮ್ಮ. ನಮ್ಮಜ್ಜಿ ಕಾಲದ್ದು. ಒಂದು ರಾತ್ರಿ ಸ್ವಾಮಿಗೆ ಅಂತ ಇಡ್ತೀವಿ. ನಮ್ಮನೇಲಿ ಹುಟ್ಟಿದ ಮಕ್ಕಳನ್ನೆಲ್ಲ ಅದರಲ್ಲೇ ಮೊದಲು ಸುತ್ತಿದ್ದು. ಒಂದೂ ಕೈ ಬಿಟ್ಟು ಹೋಗಿಲ್ಲ. ಈ ಸಲ ನಿನ್ನ ಕೂಸನ್ನೂ ಸುತ್ತೋಣ ಅಂತ..."

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಹಸು ತಿಂದಿರ್ಬೇಕು ನರ್ಸಮ್ಮ."

ಅವರು ಬಟ್ಟೆಯನ್ನು ಮರೆತೇಬಿಟ್ಟರು. ಓಡಿಹೋಗಿ ಹಸುವಿನ ಹೊಟ್ಟೆ ತಡವಿದರು. ಒಂದು ವಾರ ದಿನವೂ ಬಂದು, ಮೇವು ತಿಂತಾ, ಸಗಣಿ ಹಾಕಿತಾ ಎಂದು ವಿಚಾರಿಸಿದರು. ನಾನು ತಲೆ ತಗ್ಗಿಸಿ ಉತ್ತರ ಕೊಟ್ಟೆ. ಕೊನೆಯ ದಿನ ಹಸುವಿನ ಮುಂದೆ ಬಹಳ ಹೊತ್ತು ಕೂತಿದ್ದರು.

"ಬಟ್ಟೆ ತಿಂದ ಹಸು ಹಿಂಗೆ ಮೆಲುಕು ಹಾಕಲ್ಲ ಕಣಮ್ಮ" ಎಂದರು. ನೀರೊಲೆಯ ಕಡೆ ನೋಡಿದಂತಾಯಿತು... ಅಥವಾ ಅದು ನನ್ನ ಅನುಮಾನವೋ. ನಮ್ಮ ಕಡೆ ತೆಲುಗಿನಲ್ಲಿ 'ಅನುಮಾನಂ ಪೆದ್ದ ರೋಗಂ' ಅನ್ನುತ್ತಾರೆ. ಅಂಟಿದರೆ ಬಿಡದ ದೊಡ್ಡ ರೋಗವೇ ಅದು.

ಎರಡು ತಿಂಗಳಿಗೆ ಮಗಳು ಹುಟ್ಟಿದಳು. ಕೂಸನ್ನು ಹಿಡಿದವರು ಅವರೇ. ತಮ್ಮ ಹಳೇ ಸೀರೆ ಹರಿದು ಸುತ್ತಿ ನನ್ನ ಮಗ್ಗುಲಲ್ಲಿಟ್ಟರು. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಮುಂದೆ ಅವರಿಗೆ ಮುಳಬಾಗಿಲ ಕಡೆಗೆ ವರ್ಗವಾಯಿತು. ಹೋಗುವಾಗ ನನ್ನ ಮಗಳ ಕೆನ್ನೆ ಸವರಿದರು, ನನ್ನನ್ನು ಏನೂ ಕೇಳಲಿಲ್ಲ.

ಅವರು ತೀರಿಹೋದರೆಂದು ಈ ವರ್ಷ ಆ ಕಡೆಯ ನಂಗಲಿಯಿಂದ ಬಂದ ನೆಂಟರೊಬ್ಬರು ಹೇಳಿದರು. ಅತ್ತೆಯೂ ಇಲ್ಲ ಈಗ. ನಾಳೆ ಕ್ರಿಸ್‌ಮಸ್. ಇವತ್ತು ಕೊಟ್ಟಿಗೆ ತೊಳೆದು, ಮೂಲೆಗೆ ಹೊಸ ಹುಲ್ಲು ಹಾಕಿ, ಪೆಟ್ಟಿಗೆಯಲ್ಲಿದ್ದ ನರ್ಸಮ್ಮನ ಆ ಸೀರೆಯ ತುಂಡನ್ನು ಒಳಗಿಟ್ಟೆ. ಮಗಳು ಬಾಗಿಲಲ್ಲಿ ನಿಂತು, "ಹುಲ್ಲೊಳಗೆ ಏನಮ್ಮ ಬಚ್ಚಿಡ್ತಿದೀಯ?" ಎಂದಳು. ಅವಳ ಕಣ್ಣಲ್ಲೂ ಅದೇ ಅನುಮಾನ.

ಕೂರಿಸಿಕೊಂಡು ಎಲ್ಲ ಹೇಳಿದೆ. ಹೇಳಬೇಕಾಗಿದ್ದದ್ದು ಅವಳಿಗಲ್ಲ.