ಯಾರ ದೇವರು, ಯಾರ ಪಕ್ಷ, ಯಾರ ಅಜ್ಜ

ನಮ್ಮದು ಸೋಲಾಪುರದಲ್ಲಿ ಚಾದರದ ಅಂಗಡಿ. ಕಾಲೇಜು ಬಿಟ್ಟು ಮೊದಲ ಸಲ ಗಾದಿಯ ಮೇಲೆ ಕೂತ ದಿನ ಅಪ್ಪ ನನಗೆ ಒಂದೇ ಒಂದು ಪಾಠ ಹೇಳಿದರು. "ಗಿರಾಕಿ ಮುಂದ ಮೂರು ಮಾತು ತಗೀಬ್ಯಾಡ. ಯಾರ ದೇವ್ರು, ಯಾರ ಪಕ್ಷ, ಯಾರ ಅಜ್ಜ. ಇವು ಮೂರೂ ಬಾಗಲಾ ಹೊರಗ ಚಪ್ಪಲ್ ಜೋಡಿ ಇರಲಿ."

ನಲವತ್ತು ವರ್ಷ ನಾನು ಆ ಮಾತು ಮೀರಲಿಲ್ಲ. ಬೆಳಿಗ್ಗೆ ಬಂದ ಗಿರಾಕಿ ಒಂದು ಪಕ್ಷಕ್ಕೆ ಬಾಯಿಗೆ ಬಂದಂತೆ ಬೈದರೆ "ಹೌದ್ರಿ, ಖರೇ ಐತಿ" ಎನ್ನುತ್ತಿದ್ದೆ. ಮಧ್ಯಾಹ್ನ ಬಂದವನು ಅದೇ ಪಕ್ಷವನ್ನು ಹೊಗಳಿದರೆ "ಹೌದ್ರಿ, ಅದೂ ಖರೇನ" ಎನ್ನುತ್ತಿದ್ದೆ. ಇಬ್ಬರೂ ಚಾದರ ಕೊಂಡು ನಗುತ್ತ ಹೋಗುತ್ತಿದ್ದರು. ಈ ರೂಢಿ ಮನೆಗೂ ಬಂತು. "ನಿಮ್ಮ ಜೋಡಿ ಜಗಳಾ ಮಾಡೂದಂದ್ರ ಅರಳೆ ಗಾದಿ ಗುದ್ದಿದಂಗ, ಕೈಗೆ ಏನೂ ಹತ್ತಂಗಿಲ್ಲ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅದಕ್ಕೂ ನಾನು ಹೌದು ಎಂದೆ.

ಅರವತ್ತು ದಾಟಿದ ಮೇಲೆ ಅಣ್ಣನ ಮಗ ಅಂಗಡಿಯ ಉಸ್ತುವಾರಿ ತೆಗೆದುಕೊಂಡ. ಅವನು ಫೋನಿನಲ್ಲೇ ಅರ್ಧ ಮಾಲು ಮಾರುತ್ತಾನೆ. ಸಂಜೆಯ ಹೊತ್ತು ಗಾದಿಯ ಮೇಲೆ ನಾನೊಂದು ಹೆಚ್ಚಿನ ಒರಗುವ ಲೋಡು ಆಗಿ ಕೂತಿರುತ್ತಿದ್ದೆ. ಹತ್ತಿರದ ಸಾಲೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಾರೆ ಎಂದು ಗೊತ್ತಾದಾಗ ಹೆಸರು ಹಚ್ಚಿದೆ. ನನಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಬೆಸ್ಟ್ ಕ್ವಾಲಿಟಿ, ಪಕ್ಕಾ ಕಲರ್, ಫಿಕ್ಸ್ ರೇಟ್. ಇಷ್ಟರಲ್ಲಿ ಚಾದರ ಮಾರಬಹುದು, ಬೇರೆ ಏನನ್ನೂ ಮಾತಾಡಲು ಆಗುವುದಿಲ್ಲ.

ಕಲಿಸುತ್ತಿದ್ದವರು ನಿವೃತ್ತ ಮುಖ್ಯಾಧ್ಯಾಪಕಿ; ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಅವರನ್ನು 'ಬಾಯಿ' ಎಂದು ಕರೆಯುತ್ತಿದ್ದೆವು. ಮೂರನೆಯ ತಿಂಗಳಲ್ಲಿ ಅವರು ಎಲ್ಲರಿಗೂ ಒಂದೊಂದು ಝೆರಾಕ್ಸ್ ಹಾಳೆ ಕೊಟ್ಟರು. ಮೇಲೆ ಮೂರು ತಲೆಬರಹ ಇದ್ದವು: ಹಿಸ್ಟರಿ, ರಿಲಿಜನ್, ಪಾಲಿಟಿಕ್ಸ್. ನನಗೆ ತಡೆಯಲಾರದ ನಗು ಬಂತು. ಅಪ್ಪ ಚಪ್ಪಲಿಯ ಜೊತೆ ಹೊರಗೆ ಬಿಡಿಸಿದ ಮೂರನ್ನೂ ಈ ಬಾಯಿ ಸಾಲಾಗಿ ಒಳಗೆ ತಂದಿಟ್ಟಿದ್ದರು. ಯಾಕೆ ನಕ್ಕೆ ಎಂದು ಹೇಳಿದಾಗ ಅವರು, "ಬರೋಬರ ಆತು. ನಿಮಗ ಬೇಕಾಗಿದ್ದು ಇದ" ಎಂದರು.

ಹಾಳೆಯ ತುಂಬ ವಾದ ಮಾಡುವ ವಾಕ್ಯಗಳು. ನಿಮ್ಮ ಮಾತು ತಿಳಿಯಿತು, ಆದರೆ ಎನ್ನುವುದಕ್ಕೆ ಐ ಸೀ ಯುವರ್ ಪಾಯಿಂಟ್, ಬಟ್. ಒಪ್ಪುವುದಿಲ್ಲ ಎನ್ನುವುದಕ್ಕೆ ಐ ಡಿಸ್‌ಅಗ್ರೀ. ಪುರಾವೆ ಕೇಳುವುದಕ್ಕೆ ವಾಟ್ ಈಸ್ ಯುವರ್ ಎವಿಡೆನ್ಸ್. ಇಬ್ಬಿಬ್ಬರು ಜೋಡಿಯಾಗಿ ಕೂತು ಅಭ್ಯಾಸ ಮಾಡಬೇಕು. ನನ್ನ ಜೋಡಿಗೆ ಬಂದವಳು ಅಕ್ಕಲಕೋಟೆ ಕಡೆಯ ತಡವಳ ಎಂಬ ಹಳ್ಳಿಯ ಹುಡುಗಿ. ಕುರಿ ಕಾಯುವ ಮನೆಯವಳು, ಮರಾಠಿಯಲ್ಲಿ ಇತಿಹಾಸದ ಎಂ.ಎ. ಮಾಡಿದ್ದಳು. ಅಕ್ಕಲಕೋಟೆಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ನೋಕರಿಗೆ ಐದು ವಾರದಲ್ಲಿ ಅವಳ ಮುಲಾಖತ್, ಅಂದರೆ ಸಂದರ್ಶನ, ಇತ್ತು, ಅದೂ ಇಂಗ್ಲಿಷಿನಲ್ಲಿ.

"ಎರಡು ಸಲ ಬ್ಯಾರೆ ಕಡೆ ಹೋಗಿ ಬಂದೀನ್ರಿ ಕಾಕಾ" ಎಂದಳು. "ಉತ್ತರಾ ಎಲ್ಲಾ ಬರ್ತಾವ. ಆದ್ರ ಎದುರಿನವರು 'ಹಂಗಲ್ಲ' ಅಂದಕೂಡ್ಲೇ ನನ್ನ ಬಾಯಿ ಬಂದ್ ಆಗತೈತಿ. ಇದು ಮೂರನೇದು. ಇದೂ ಹೋತಂದ್ರ ಮತ್ತ ಮುಲಾಖತ್ತಿಗೆ ಕೂಡಂಗಿಲ್ಲ."

ಅವಳಿಗೆ ಎದುರು ಮಾತಾಡುವವನು ಬೇಕಾಗಿತ್ತು. ಸಿಕ್ಕವನು ಮಾತ್ರ ಇಡೀ ಸೋಲಾಪುರದಲ್ಲಿ ಯಾರಿಗೂ ಎದುರಾಡದ ನಾನು.

ಅವಳು ಆರಿಸಿಕೊಂಡ ವಿಷಯ, ಹಾಡು ಇತಿಹಾಸ ಹೌದೋ ಅಲ್ಲವೋ ಎಂಬುದು. ಅವಳ ಅಪ್ಪ ಡೊಳ್ಳಿನ ಪದ ಹಾಡುವವನು. ಕುರುಬರ ದೇವರು ಬೀರೋಬಾನ ಪದಗಳಲ್ಲಿ ತಮ್ಮ ಜನರ ಹಳೆಯ ಕಥೆ ಇದೆ, ಅದೂ ಇತಿಹಾಸವೇ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಲ್ಲ ಎನ್ನಬೇಕಿತ್ತು. "ಐ ಸೀ ಯುವರ್ ಪಾಯಿಂಟ್" ಎಂದೆ. ಮುಂದಿನ ಬಟ್ ಬಾಯಿಗೆ ಬರಲಿಲ್ಲ. ಅವಳು ಕಾಯುತ್ತ ಕೂತಳು. "ಯು ಆರ್ ರೈಟ್" ಎಂದು ಮುಗಿಸಿಬಿಟ್ಟೆ. ಮರುದಿನ ಹೇಗೋ ಧೈರ್ಯ ಮಾಡಿ ಒಪ್ಪುವುದಿಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ಕೂಡಲೇ ಕನ್ನಡದಲ್ಲಿ, "ಮನಸ್ಸಿಗೆ ಹಚ್ಗೋಬ್ಯಾಡವ್ವಾ, ಚಹಾ ಹೇಳ್ಲೇನು?" ಎಂದು ಕೇಳಿದೆ.

ಬಾಯಿ ತಮ್ಮ ಮೇಜಿನಿಂದಲೇ ಗದರಿದರು. "ಸಾವಕಾರ್ರ, ಆಕಿಗೆ ಚಾದರಾ ಮಾರಾಕತ್ತೀರೇನು? ಆಕೀ ನೋಕರಿ ಐತಿ ನಿಮ್ಮ ಕೈಯಾಗ."

ಆ ಮಾತು ನನಗೆ ಚುಚ್ಚಿತು. ಎರಡು ವಾರ ಹೀಗೆಯೇ ಹೋಗಿತ್ತು. ಅವಳು ದಿನಾ ತಡವಳದಿಂದ ಬಂದು ಹೋಗುತ್ತಿದ್ದಳು, ನಾನು ದಿನಾ ಅವಳನ್ನು ಗೆಲ್ಲಿಸಿ ಕಳಿಸುತ್ತಿದ್ದೆ. ಅಂಥ ಗೆಲುವಿನಿಂದ ಅವಳಿಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ನನ್ನ ಒಳ್ಳೆಯತನದ ಮೇಲೆ ನನಗೇ ಸಿಟ್ಟು ಬಂತು.

ಅವಳು ಮನೆಯಲ್ಲಿ ಈ ಕಥೆ ಹೇಳಿದ್ದಳಂತೆ. "ಅಪ್ಪಾ ನಿಮ್ಮನ್ನ ಐತವಾರ ಊಟಕ್ಕ ಕರದಾನ್ರಿ. 'ಆ ಶೇಠ್‌ಗ ಜಗಳಾ ಮಾಡೂದು ನಾ ಕಲಸ್ತೀನಿ' ಅಂದಾನ" ಎಂದಳು.

ಐತವಾರ ಬೆಳಿಗ್ಗೆ ಅಕ್ಕಲಕೋಟೆಯ ಬಸ್ಸು ಹತ್ತಿದೆ. ಕುಂಭಾರಿ ಊರು ದಾಟುವವರೆಗೂ ಹಾಳೆಯ ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ಪಕ್ಕದವನು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಗೌರವದಿಂದ ಸರಿದು ಕೂತ. ಅಕ್ಕಲಕೋಟೆಯಲ್ಲಿ ಅವಳು ಸ್ಕೂಟಿ ತಂದಿದ್ದಳು.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟವಾದ ಮೇಲೆ ಅವಳ ಅಪ್ಪ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿ ನಮ್ಮಿಬ್ಬರನ್ನೂ ಎದುರುಬದುರು ಕೂಡಿಸಿದ. ಒಳಗೆ ಹೋಗಿ ಭಂಡಾರದ ಚೀಲ ತಂದ. ಬೀರೋಬಾನ ಮುಂದೆ ಇಟ್ಟ ಅರಿಸಿನದ ಪುಡಿ ಅದು.

"ನೋಡ್ರಿ ಶೇಠ್‌ಜಿ" ಎಂದ. "ನಾವು ಪದಾ ಹಾಡಾಕ ಕೂತಾಗ ಎದುರಿನ ಮ್ಯಾಳದಾಂವ ನಮಗ ಸವಾಲ್ ಹಾಕ್ತಾನ. ನಮ್ಮ ದೇವ್ರಿಗೆ ಅಂತಾನ, ನಮ್ಮ ಹಿರ್ಯಾರಿಗೆ ಅಂತಾನ. ನಾವೂ ಬಿಡಂಗಿಲ್ಲ. ಅದಕ್ಕ ಮೊದಲ ಒಬ್ಬರ ಹಣಿಗೆ ಒಬ್ಬರು ಭಂಡಾರ ಹಚ್ಚತೀವಿ. ಹಚ್ಚಿದ ಮ್ಯಾಲ ಬೇಕಾದ್ದು ಅನ್ರಿ. ಒರಸಿದ ಮ್ಯಾಲ ಯಾವುದೂ ನೆನಪು ಇಡೂ ಹಂಗಿಲ್ಲ. ಕೂಡಿ ಊಟಾ ಮಾಡಿ ಹೋಗೂದು."

ಅವಳು ನನ್ನ ಹಣೆಗೆ ಹಚ್ಚಿದಳು, ನಾನು ಅವಳ ಹಣೆಗೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅಪ್ಪನ ಪಾಠ ಅಲ್ಲೇ ಹಗುರವಾಯಿತು. ಇಲ್ಲಿ ಅಂಗಡಿ ಇರಲಿಲ್ಲ, ಗಿರಾಕಿ ಇರಲಿಲ್ಲ, ಬೇರೆಯ ಒಂದು ಕಾಯಿದೆ ಇತ್ತು. ಅವಳು ತನ್ನ ಮಾತು ಮುಗಿಸಿದ ಕೂಡಲೇ ಐ ಡಿಸ್‌ಅಗ್ರೀ ಎಂದೆ. ಅಲ್ಲಿಗೇ ನಿಲ್ಲಲಿಲ್ಲ. ಹಾಡುವವರು ಒಬ್ಬೊಬ್ಬರು ಒಂದೊಂದು ನುಡಿ ಸೇರಿಸುತ್ತಾರೆ, ಹಾಡು ಬದಲಾಗುತ್ತದೆ ಎಂದೆ. ದೇವರು ಈ ದಾರಿಯಲ್ಲಿ ನಡೆದ ಎಂದು ನಿಮ್ಮ ಪದ ಹೇಳುತ್ತದೆ, ವಾಟ್ ಈಸ್ ಯುವರ್ ಎವಿಡೆನ್ಸ್ ಎಂದು ಕೇಳಿದೆ. ಅವಳದೇ ಮನೆಯಲ್ಲಿ, ಅವಳ ಅಪ್ಪನ ಮುಂದೆ.

ಅವಳ ಬಾಯಿ ಕಟ್ಟಿತು. ಕಣ್ಣು ಕೆಳಗಾದವು. ಚಹಾದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ತಡೆದೆ. ಇಂಗ್ಲಿಷಿನ ಒಂದಕ್ಷರ ತಿಳಿಯದ ಅವಳ ಅಪ್ಪನಿಗೆ ಆ ಮೌನ ಮಾತ್ರ ಚೆನ್ನಾಗಿ ತಿಳಿಯಿತು.

"ಸವಾಲ್ ಬಂದೈತಿ. ಜವಾಬ್ ಕೊಡವ್ವಾ" ಎಂದ.

ಅವಳು ತಲೆ ಎತ್ತಿದಳು. ದೇವರು ನಡೆದನೆಂದು ನೀವು ನಂಬಿ ಎಂದು ನಾನು ಕೇಳುತ್ತಿಲ್ಲ, ಕುರಿ ಕಾಯುವವರು ನಡೆದರು ಎಂದು ಹೇಳುತ್ತಿದ್ದೇನೆ ಎಂದಳು. ಆ ಪದದಲ್ಲಿ ಏಳು ಬಾವಿಗಳ ಹೆಸರು ಸಾಲಾಗಿ ಬರುತ್ತವೆ. ಅಪ್ಪನ ಜೊತೆ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಹೋಗಿದ್ದೇನೆ. ಅದೇ ಸಾಲಿನಲ್ಲಿ ಆರು ಬಾವಿ ಇವೆ, ಏಳನೆಯದು ಮುಚ್ಚಿ ಹೋಗಿದೆ, ಕಲ್ಲು ಮಾತ್ರ ಕಾಣುತ್ತವೆ. ಬನ್ನಿ, ತೋರಿಸುತ್ತೇನೆ. ಇಷ್ಟನ್ನೂ ತಡವರಿಸುತ್ತ, ಆದರೆ ಒಮ್ಮೆಯೂ ಕನ್ನಡಕ್ಕೆ ಇಳಿಯದೆ ಹೇಳಿದಳು. ಆಮೇಲೆ ನನ್ನ ಕಡೆಗೇ ತಿರುಗಿ, ನಿಮ್ಮ ಅಜ್ಜ ಯಾರು, ಏನು ಮಾಡುತ್ತಿದ್ದರು, ಅದಕ್ಕೆ ನಿಮ್ಮ ಹತ್ತಿರ ಯಾವ ಕಾಗದ ಇದೆ ಎಂದು ಕೇಳಿದಳು.

ಈಗ ಜವಾಬು ಕೊಡುವ ಸರದಿ ನನ್ನದು.

ನಮ್ಮ ಅಂಗಡಿಯ ಫಲಕದ ಮೇಲೆ ಮೂರು ತಲೆಮಾರಿನ ವ್ಯಾಪಾರದ ಪೇಢಿ ಎಂದು ಬರೆದಿದೆ. ಮೊದಲ ತಲೆಮಾರು ಏನು ಮಾರುತ್ತಿತ್ತು ಎಂದು ಬರೆದಿಲ್ಲ. ಅಜ್ಜಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೇಳುತ್ತಿದ್ದಳು: ನಿಮ್ಮ ಅಜ್ಜ ಈ ಕಡೆಯ ಹಳ್ಳಿಗಳಲ್ಲಿ ಕುರುಬರ ಕಂಬಳಿ ಕೊಂಡು, ಹೆಗಲ ಮೇಲೆ ಹೊತ್ತು, ಸೋಲಾಪುರದ ಓಣಿಓಣಿ ತಿರುಗಿ ಮಾರುತ್ತಿದ್ದ, ಹಳ್ಳಿಗೆ ಬಂದಾಗ ಅವರದೇ ಮನೆಗಳಲ್ಲಿ ಉಣ್ಣುತ್ತಿದ್ದ. ಅಪ್ಪನಿಗೆ ಆ ಮಾತು ಸೇರುತ್ತಿರಲಿಲ್ಲ. ಗಾದಿಯ ಮೇಲೆ ಕೂತವನ ಅಪ್ಪ ಹೆಗಲ ಮೇಲೆ ಹೊತ್ತವನು ಎನ್ನಲು ಅವರಿಗೆ ನಾಚಿಕೆ. 'ಯಾರ ಅಜ್ಜ' ಎಂಬ ಮೂರನೆಯ ಮಾತನ್ನು ಗಿರಾಕಿಗಳ ಸಲುವಾಗಿ ಬೇಡವೆಂದದ್ದಲ್ಲ ಎಂದು ನನಗೆ ಆ ಬೇವಿನ ಕೆಳಗೆ ಕೂತಾಗ ಹೊಳೆಯಿತು.

ಹೇಳಿಬಿಟ್ಟೆ, ಬಂದಷ್ಟು ಇಂಗ್ಲಿಷಿನಲ್ಲಿ. ನನ್ನ ಅಜ್ಜ ನಿಮ್ಮ ಕಂಬಳಿ ಮಾರಿದವನು. ಕಾಗದ ಇಲ್ಲ. ಅಜ್ಜಿ ಹೇಳಿದ್ದು. ಅದು ಖರೆ ಎಂದು ನನಗೆ ಗೊತ್ತು.

"ದೆನ್ ಯು ಅಗ್ರೀ ವಿತ್ ಮೀ" ಎಂದಳು ಅವಳು.

ನಲವತ್ತು ವರ್ಷ ಹೌದು ಎಂದದ್ದೆಲ್ಲ ಒಂದು ಕಡೆ ಇರಲಿ, ಆ ದಿನ ಎಸ್ ಎಂದದ್ದು ನಾನು ನಿಜವಾಗಿ ಸೋತು ಅಂದ ಮೊದಲ ಹೌದು. ಸೋಲುವುದರಲ್ಲಿ ಇಷ್ಟು ಸುಖವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅವಳು ಎಲ್ಲವನ್ನೂ ಅಪ್ಪನಿಗೆ ಕನ್ನಡದಲ್ಲಿ ತಿಳಿಸಿದಳು. ಅವನು ನನ್ನ ಮುಖವನ್ನೇ ನೋಡಿ, "ದೇವ್ರೂ ನಡದಾನ. ಅದು ನನ್ನ ಮಾತು. ಆಕೀ ಮಾತು ಆಕೀದು" ಎಂದು ನಕ್ಕ. ಆಮೇಲೆ ತನ್ನ ರುಮಾಲಿನಿಂದ ನನ್ನ ಹಣೆ ಒರೆಸಿದ.

ಉಳಿದ ಮೂರು ವಾರ ನಾನು ಅವಳನ್ನು ಸುಮ್ಮನೆ ಬಿಡಲಿಲ್ಲ. ಭಂಡಾರದ ಪುಡಿಕೆ ಅವಳ ಪರ್ಸಿನಲ್ಲೇ ಇರುತ್ತಿತ್ತು. ದೇವರು, ಸರಕಾರ, ರಾಜರು, ಚುನಾವಣೆ, ಯಾವುದು ಬಂದರೂ ಅವಳ ಎದುರು ಪಕ್ಷ ನನ್ನದು. ನನ್ನ ಅಬ್ಬರ ನೋಡಿ ಬಾಯಿಯೇ ಒಮ್ಮೆ, "ಸಾಕ್ರಿ ಸಾವಕಾರ್ರ, ಸ್ವಲ್ಪ ಉಸುರ ಬಿಡ್ರಿ" ಎಂದರು.

ಮುಲಾಖತ್ತಿನ ದಿನ ಅಕ್ಕಲಕೋಟೆಗೆ ಹೋಗಿ ಕಾಲೇಜಿನ ಎದುರಿನ ಹೊಟೇಲಿನಲ್ಲಿ ಕೂತೆ. ಮೂರು ಚಹಾ ಆದವು. ಅವಳು ಹೊರಗೆ ಬಂದಾಗ ಕಣ್ಣು ನಗುತ್ತಿದ್ದವು.

"ನಡುವ ಕೂತವರು 'ಹಾಡು ಇತಿಹಾಸ ಅಲ್ಲ, ಪುರಾವಾ ಎಲ್ಲೈತಿ' ಅಂದ್ರು ಕಾಕಾ. ನಿಮ್ಮ ಧ್ವನೀನ ಕೇಳ್ದಂಗ ಆತು. ಬಾವಿ ಹೇಳ್ದೆ. ನಿಮ್ಮ ಅಜ್ಜನ್ನೂ ಹೇಳ್ದೆ."

"ಅಂವನ್ನ ಯಾಕ ನಡುವ ತಂದಿ?"

"ಆ ಕೋಣ್ಯಾಗ ನಂಗೆ ಗುರುತಿದ್ದಾಂವ ನಿಮ್ಮ ಅಜ್ಜ ಒಬ್ಬನ ಇದ್ದ" ಎಂದಳು.

ಹದಿನೈದು ದಿನದ ಮೇಲೆ ಅವಳಿಗೆ ನೋಕರಿಯ ಪತ್ರ ಬಂತು. ಪೇಢೆ ಕೊಡಲು ತಂದೆ ಮಗಳು ನಮ್ಮ ಅಂಗಡಿಗೆ ಬಂದರು. ತಂದೆಯ ಹೆಗಲ ಮೇಲೆ ಹೊಸ ಕರಿ ಕಂಬಳಿ ಇತ್ತು. ಅದನ್ನು ಬಿಡಿಸಿ ನಮ್ಮ ಬಿಳಿ ಗಾದಿಯ ಮೇಲೆ, ನನ್ನ ಅಪ್ಪನ ಫೋಟೋದ ಕೆಳಗೆ, ಹಾಸಿಬಿಟ್ಟ. ಅಣ್ಣನ ಮಗ ನನ್ನನ್ನು ಒಮ್ಮೆ, ಫೋಟೋವನ್ನು ಒಮ್ಮೆ ನೋಡಿದ.

ಅವರು ಹೋದ ಮೇಲೆ ಮರವಡೆ ಊರಿನ ನಮ್ಮ ಹಳೆಯ ಗಿರಾಕಿ ಬಂದು ಅದರ ಮೇಲೆ ಕೂತರು. ಕೈಯಾಡಿಸಿ, "ಚಾದರದ ಪೇಢಿಯೊಳಗ ಕಂಬಳಿ ಯಾಕ್ರಿ?" ಎಂದು ಕೇಳಿದರು. ಅಣ್ಣನ ಮಗ ಹಲ್ಲು ಕಿರಿದು, "ಸುಮ್ನ ಹಾಸೀವ್ರಿ" ಎನ್ನಲು ಹೊರಟ.

"ಸುಮ್ನ ಅಲ್ಲ" ಎಂದೆ ನಾನು. "ನಮ್ಮ ಅಜ್ಜ ಇವನ್ನ ಹೊತ್ತು ಮಾರತಿದ್ದ."

ಗಿರಾಕಿ ಎದ್ದು ಹೋಗಲಿಲ್ಲ. ಕಾಲು ಮಡಚಿ ಸರಿಯಾಗಿ ಕೂತು, "ಎಲ್ಲಿಂದ ತರತಿದ್ರು, ಹೇಳ್ರಿ" ಎಂದರು.