ಮೊದಲ ಪುಟದ ಮೇಡಂ

ಹೊಳೆನರಸೀಪುರದ ಕಾಲೇಜಿನಲ್ಲಿ ನಮ್ಮ ಜೊತೆ ಪಾಠ ಮಾಡುತ್ತಿದ್ದ ಸಸ್ಯಶಾಸ್ತ್ರದ ಮೇಡಂ ಏನು ಓದುವಾಗಲೂ ಕೊನೆಯ ಪುಟವನ್ನು ಹೆಬ್ಬೆರಳಿನಲ್ಲಿ ಹಿಡಿದಿರುತ್ತಿದ್ದರು. ಯಾರಾದರೂ ಪುಸ್ತಕ ಹೊಗಳಿದರೆ, "ಕೊನೇವರ್ಗೂ ಓದಿದ್ರಾ?" ಎನ್ನುತ್ತಿದ್ದರು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕಾಡಿನ ಮರಗಳು ಬೇಗ ಬೆಳೆಯುತ್ತವೆ ಎಂದು ಅವರ ಪ್ರಬಂಧದ ಮೊದಲ ಪುಟದಲ್ಲಿತ್ತು. ಮಣ್ಣಿನ ಸಾರ ಸಾಲದೆ ಆ ಬೆಳವಣಿಗೆ ನಿಂತುಹೋಗುತ್ತದೆ ಎಂದು ಕೊನೆಯ ಪುಟದಲ್ಲಿತ್ತು. ಅದು ಸೈಬರ್ ಸೆಂಟರುಗಳ ಕಾಲ. ಯಾರೋ ಇಂಟರ್ನೆಟ್ಟಿಗೆ ಮೊದಲ ಪುಟವನ್ನಷ್ಟೇ ಹಾಕಿದರು. ಕಂಡಕಂಡವರೆಲ್ಲ ಅದನ್ನು ಈಮೇಲಿನಲ್ಲಿ ಹಂಚಿದರು. ಕಾಲೇಜು ಮೇಡಂಗೆ ಸನ್ಮಾನ ಇಟ್ಟುಕೊಂಡಿತು.

ಹಾರ ಹಾಕಲು ಬಂದವರು ಇಟ್ಟಿಗೆ ಗೂಡಿನ ಯಜಮಾನರು. "ನಮ್ ಗೂಡಿನ ಹೊಗೆ ಕುಡುದು ಕಾಡು ಬೆಳೀತದಂತಲ್ಲ ಮೇಡಮ್ಮೋರೆ. ಇನ್ನೊಂದು ಗೂಡು ಆಕ್ಬುಡ್ತೀನಿ" ಎಂದರು.

"ಕೊನೇವರ್ಗೂ ಓದಿದ್ರಾ?"

"ನಂಗೆಲ್ಲಿ ಪುರುಸೊತ್ತು? ಮಗ ಕಂಪ್ಯೂಟರ್ನಾಗೆ ತೋರಿಸ್ದ."

ಮೇಡಂ ಮೈಕಿನಲ್ಲಿ ಕೊನೆಯ ಪುಟವನ್ನು ಪೂರ್ತಿ ಓದಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಆ ಯಜಮಾನರೇ.

ಅರಕಲಗೂಡು ರಸ್ತೆಯಲ್ಲಿ ಹೊಸ ಗೂಡು ಎದ್ದಿತು. ಅದರ ಗೋಡೆಯ ಮೇಲೆ "ಹೊಗೆಯಿಂದ ಕಾಡು ಬೆಳೆಯುತ್ತದೆ" ಎಂಬ ಸಾಲು, ಪಕ್ಕದಲ್ಲಿ ಮೇಡಂ ಹೆಸರು. ಬಸ್ಸಿನಿಂದ ಅದನ್ನು ಕಂಡ ಮೇಡಂ ನನ್ನನ್ನೂ ಕರೆದುಕೊಂಡು ಇಳಿದರು. ಗೂಡಿನ ಬಳಿ ಬಿದ್ದಿದ್ದ ಒಂದು ಇದ್ದಿಲು ಎತ್ತಿಕೊಂಡು ಆ ಸಾಲಿನ ಕೆಳಗೆ "ಸ್ವಲ್ಪ ದಿನ ಮಾತ್ರ" ಎಂದು ದಪ್ಪಗೆ ಬರೆದರು.

ಯಜಮಾನರು ಓಡಿ ಬಂದವರೇ ಕೈ ಮುಗಿದರು. "ಕೈಯಾರೆ ಬರ್ಕೊಟ್ರಲ್ಲ, ಅಷ್ಟು ಸಾಕು. ಇದುಕ್ಕೂ ಬಣ್ಣ ಒಡುಸ್ಬುಡ್ತೀನಿ."

ಮುಂದಿನ ವಾರ ಬಸ್ಸಿನಲ್ಲಿ ಹೋಗುವಾಗ ನೋಡಿದೆ. ಮೇಲಿನ ಸಾಲಿಗಿಂತ ಮೇಡಂ ಬರೆದದ್ದೇ ಕೆಂಪು ಬಣ್ಣದಲ್ಲಿ ಎದ್ದು ಕಾಣುತ್ತಿತ್ತು.